ಮುಚ್ಚಳಕ್ಕೆ ಮೂರು ತೂತು

ಪುಟ್ಟಿ, ಚಿನ್ನು,

ಮನೆಯಲ್ಲಿ ಕರೆಯುವ ಹೆಸರುಗಳನ್ನಷ್ಟೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಬರೆಸಿದ ನಿಮ್ಮ ಹೆಸರು ಇಲ್ಲಿ ಬೇಡ, ಬೇರೆ ಯಾರ ಹೆಸರೂ ಬೇಡ. ಕಾಗದ ಯಾರ ಕೈಗೆ ಹೋಗುತ್ತದೆಂದು ಹೇಳಲಿಕ್ಕಾಗುವುದಿಲ್ಲ.

ಹೋದ ಭಾನುವಾರ ನಾನು ದೋಸೆ ಹೊಯ್ಯುತ್ತಿದ್ದಾಗ ಪುಟ್ಟಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದಳು.

“ಅಮ್ಮಮ್ಮ, ನಾನು ಸಣ್ಣೋಳಿರುವಾಗ ನಾವು ಟ್ರೇನಲ್ಲಿ ಎಲ್ಲಿಗೋ ಆಡ್ಲಿಕ್ಕೆ ಹೋಗ್ತಿದ್ವಲ್ಲ? ಒಂದು ರೂಮ್ ಇತ್ತು. ರೇತಿ ಇತ್ತು, ಮರಳು.”

“ಅದು ಪಾರ್ಕು,” ಅಂದೆ.

“ಪಾರ್ಕಲ್ಲಿ ರೂಮ್ ಇರ್ತದಾ?”

“ಕೆಲವು ಕಡೆ ಇರ್ತದೆ. ದೋಸೆ ಆರ್ತದೆ, ತಿನ್ನು.”

ಪುಟ್ಟಿ ದೋಸೆ ತಿಂದಳು. ಹನ್ನೊಂದು ವರ್ಷದ ಹುಡುಗಿ, ನಾನು ಸುಳ್ಳು ಹೇಳುವುದು ಅವಳಿಗೆ ತಿಳಿಯುತ್ತದೆ. ನನ್ನ ಮುಖ ನೋಡಿ ತಟ್ಟೆ ಎತ್ತಿಕೊಂಡು ಎದ್ದಳು. ಆ ಸುಳ್ಳನ್ನು ನಾಲ್ಕು ದಿನ ಹಾಗೆಯೇ ಬಿಟ್ಟೆ. ಐದನೆಯ ದಿನ ಚಿನ್ನುವಿನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳನ್ನು ಕಿತ್ತುಕೊಂಡು ಇದನ್ನು ಬರೆಯಲು ಕುಳಿತೆ. ನಾನು ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಉತ್ತರ ಗೊತ್ತಿದ್ದರೂ ಒಮ್ಮೆಯೂ ಕೈ ಎತ್ತಲಿಲ್ಲ, ಅಕ್ಷರ ಮಾತ್ರ ದುಂಡಗಿದೆ ಎಂದು ಮಾಸ್ಟ್ರು ಹೇಳುತ್ತಿದ್ದರು. ಎದುರಿಗೆ ಯಾರಾದರೂ ಕುಳಿತರೆ ನನಗೆ ಮಾತು ಬರುವುದಿಲ್ಲ. ಹಾಳೆ ನನ್ನ ಮುಖ ನೋಡುವುದಿಲ್ಲ. ಚಿನ್ನುವಿಗೆ ಕನ್ನಡ ಓದಲು ಬಾರದು, ಪುಟ್ಟಿ ಓದಿ ಹೇಳಲಿ. ಅವಳಿಗೆ ನಾನೇ ಕ್ಯಾಲೆಂಡರ್ ಇಟ್ಟುಕೊಂಡು ಅಕ್ಷರ ಕಲಿಸಿದ್ದೇನೆ.

ಅದು ಪಾರ್ಕ್ ಆಗಿರಲಿಲ್ಲ. ವಿಲೆ ಪಾರ್ಲೆಯಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಬಿಲ್ಡಿಂಗಿನ ತಳಮಹಡಿಯಲ್ಲಿ ಇದ್ದ ಕೋಣೆ. ಮನೆಯಲ್ಲಿ ಹೊಡೆತ ನೋಡಿದ ಮಕ್ಕಳು ಬಂದು ಆಡುವ ಕೋಣೆ.

ನಿಮ್ಮ ಅಪ್ಪ ನಿಮ್ಮ ಅಮ್ಮನಿಗೆ ಹೊಡೆಯುತ್ತಿದ್ದರು. ಈ ವಾಕ್ಯವನ್ನು ಹೇಗೆ ಬರೆಯುವುದೆಂದು ಎರಡು ದಿನ ಯೋಚಿಸಿದೆ. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ.

ನಿಮ್ಮ ಅಜ್ಜನ ವಿಷಯವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನಾನು ಮಾಡಿದ ತಪ್ಪಿನಲ್ಲಿ ಅವರಿಂದ ಕಲಿತ ಅಭ್ಯಾಸವೂ ಸೇರಿದೆ. ಅವರು ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಇದ್ದವರು, ಕೊನೆಯ ಹನ್ನೆರಡು ವರ್ಷ ಸೂಪರ್‌ವೈಸರ್. ಮಧ್ಯಾಹ್ನ ಆಫೀಸಿನವರು ಒಟ್ಟಿಗೆ ನುಗ್ಗುವ ಹೊತ್ತು ಅವರ ಕಣ್ಣು ಟೇಬಲ್‌ಗಳ ಮೇಲೆಯೇ. ಕೊನೆಯ ಗುಟುಕು ಕಾಫಿ ಗಂಟಲಿಗೆ ಇಳಿಯುವ ಮೊದಲು ತಟ್ಟೆ ಎತ್ತಿರಬೇಕು, ಒದ್ದೆ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ. ಮೊದಲು ಕುಳಿತವರ ಗುರುತು ನಂತರ ಬಂದವರಿಗೆ ಕಾಣಬಾರದು ಎನ್ನುವುದು ಅವರ ಕಾನೂನು. ಕಾಂದಿವಲಿಯ ನಮ್ಮ ಈ ಒಂದು ರೂಮು, ಅಡುಗೆಮನೆಗೂ ಅದೇ ಕಾನೂನು. ಊಟವಾಗಿ ಕಾಲು ಗಂಟೆಯಲ್ಲಿ ಇಲ್ಲಿ ಯಾರಾದರೂ ಉಂಡಿದ್ದರೆಂದು ಹೇಳಲಾಗದಂತೆ ಮಾಡಿಬಿಡುತ್ತಿದ್ದೆ. ಅವರಿಗೆ ಅದು ಹೆಮ್ಮೆ. ಹೊರಗಿನವರ ಎದುರು ನನ್ನನ್ನು ಹೊಗಳಿದ್ದು ಆ ಒಂದೇ ವಿಷಯಕ್ಕೆ.

ನಿಮ್ಮ ಅಮ್ಮ ಮೊದಲನೆಯ ಸಲ ಗಂಡನ ಮನೆ ಬಿಟ್ಟು ಬಂದಾಗ ಅವಳ ಎಡಗೈ ಭುಜದಿಂದ ಮೊಣಕೈವರೆಗೆ ನೀಲಿಯಾಗಿತ್ತು. ನಾನು ಏನು ಮಾಡಿದೆ ಗೊತ್ತೇ? ಟೈಲರ್ ಹತ್ತಿರ ಹೋಗಿ ಉದ್ದ ತೋಳಿನ ಎರಡು ರವಿಕೆ ಹೊಲಿಸಿ ತಂದೆ. ಎಂಟು ದಿನದ ನಂತರ ನಾನು, ಅಜ್ಜ ಇಬ್ಬರೂ ಅವಳನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದೆವು. ಎರಡನೆಯ ಸಲ ಬಂದಾಗ ಅಜ್ಜ ತೀರಿಕೊಂಡಿದ್ದರು. ನಾನೊಬ್ಬಳೇ ಬಿಟ್ಟು ಬಂದೆ. ಮೂರನೆಯ ಸಲ ಅವಳು ನಿಮ್ಮಿಬ್ಬರನ್ನೂ ಕರೆದುಕೊಂಡು ಬಂದಳು. ಪುಟ್ಟಿಗೆ ಆರು ವರ್ಷ, ಚಿನ್ನು ಸೊಂಟದ ಮೇಲೆ. ಬಾಗಿಲಲ್ಲೇ ನಿಂತು, “ಅಮ್ಮ, ಈ ಸಲ ರವಿಕೆ ಹೊಲಿಸ್ಬೇಡ,” ಅಂದಳು.

ಆ ದಿನದಿಂದ ಪುಟ್ಟಿ ಮಾತಾಡಲಿಲ್ಲ. ಅಮ್ಮನ ಕಿವಿಯಲ್ಲಿ ಮಾತ್ರ ಏನೋ ಪಿಸುಗುಟ್ಟುವಳು. ನನ್ನ ಹತ್ತಿರ ಇಲ್ಲ, ಶಾಲೆಯಲ್ಲಿ ಇಲ್ಲ. ನಾನು ಉಪ್ಪು, ಮೆಣಸು ಹಿಡಿದು ದೃಷ್ಟಿ ತೆಗೆದೆ. ಊರಿನಿಂದ ನೂಲು ತರಿಸಿ ಕಟ್ಟಿದೆ. ನಾಲ್ಕು ತಿಂಗಳಾದ ಮೇಲೆ ಅವಳ ಟೀಚರ್ ನಿಮ್ಮ ಅಮ್ಮನನ್ನು ಕರೆದು ಆ ಕೋಣೆಯ ವಿಳಾಸ ಕೊಟ್ಟರು. ಶನಿವಾರ ಮಧ್ಯಾಹ್ನ ಬರಬೇಕು. ನಿಮ್ಮ ಅಮ್ಮ ಆಗಲೇ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಔಷಧಿ ಪ್ಯಾಕಿಂಗಿಗೆ ಸೇರಿದ್ದಳು, ಶನಿವಾರ ರಜೆ ಇಲ್ಲ. ಹಾಗಾಗಿ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲನೆಯ ದಿನ ಅಲ್ಲಿಯ ಹುಡುಗಿಯನ್ನು ನೋಡಿ ಡಾಕ್ಟರ್ ಎಲ್ಲಿ ಎಂದು ಹುಡುಕಿದೆ. ಅವಳೇ ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ಮೂವತ್ತು ದಾಟಿರಲಿಕ್ಕಿಲ್ಲ. ತಲೆಗೆ ದುಪಟ್ಟಾ, ಕೈಗೆ ಬಣ್ಣ ಮೆತ್ತಿತ್ತು. ಮಕ್ಕಳೆಲ್ಲ ದೀದಿ ಎನ್ನುತ್ತಿದ್ದರು. ನಾನು ಹರಕು ಹಿಂದಿಯಲ್ಲಿ ತಡವರಿಸುತ್ತಿದ್ದೆ. ಅವಳು ಕೇಳಿ ನಕ್ಕಳು.

“ಕನ್ನಡದಾಗ ಮಾತಾಡ್ರಿ ಅಮ್ಮಾರ. ನಮ್ಮ ಅಪ್ಪಾಜಿ ಬಿಜಾಪುರದವರು. ಇಲ್ಲಿ ಬಂದು ವೆಲ್ಡಿಂಗ್ ಅಂಗಡಿ ಇಟ್ಟಾರ. ಮನ್ಯಾಗ ದಖ್ಖನಿ, ಓಣ್ಯಾಗ ಕನ್ನಡ.”

ನನ್ನ ಎದೆಯ ಭಾರ ಅರ್ಧ ಇಳಿಯಿತು. ಏನು ಔಷಧಿ ಕೊಡುತ್ತೀರಿ ಎಂದು ಕೇಳಿದೆ.

“ಔಷಧಿ ಇಲ್ರಿ. ಆಕಿ ಆಡ್ತಾಳ. ನಾ ಬಾಜೂಕ ಕೂತು ನೋಡ್ತೀನಿ.”

“ಮತ್ತೆ ಕೇಳುದು?”

“ನಾ ಏನೂ ಕೇಳಂಗಿಲ್ಲ.”

ಆ ಸಂಜೆ ನಿಮ್ಮ ಅಮ್ಮನಿಗೆ ಹೇಳಿದೆ, “ಆಡ್ಲಿಕ್ಕೆ ಪಾರ್ಲೆವರೆಗೆ ಹೋಗ್ಬೇಕಾ ಮಾರಾಯ್ತಿ? ಕೆಳಗೆ ಕಂಪೌಂಡಲ್ಲೇ ಆಡ್ಬಹುದಲ್ಲ.” ಅವಳು ಚಪ್ಪಲಿ ಬಿಡುತ್ತಾ, “ಕಂಪೌಂಡಲ್ಲಿ ನೀನು ಕಿಟಕಿಯಿಂದ ನೋಡ್ತಾ ಇರ್ತಿ. ಅದಕ್ಕೇ,” ಅಂದಳು.

ಕೋಣೆಯನ್ನು ನಾನು ಬಾಗಿಲಿನಿಂದ ನೋಡಿದ್ದೆ. ನೀಲಿ ಬಣ್ಣದ ಮರದ ಪೆಟ್ಟಿಗೆಯ ತುಂಬ ಮರಳು. ಸಣ್ಣ ಒಲೆ, ಸಣ್ಣ ಪಾತ್ರೆ. ಮುಂಭಾಗ ತೆರೆದಿರುವ ಗೊಂಬೆ ಮನೆ, ಅದರಲ್ಲಿ ಬಟ್ಟೆಯ ಐದು ಗೊಂಬೆ. ಅಜ್ಜಿ, ಅಮ್ಮ, ಕಪ್ಪು ದಾರದಲ್ಲಿ ಮೀಸೆ ಹೊಲಿದ ಅಪ್ಪ, ಹುಡುಗಿ, ಮಗು. ಗೋಡೆಯ ಹಲಗೆಯ ಮೇಲೆ ಸಾಲಾಗಿ ಬುಟ್ಟಿಗಳು, ಒಂದೊಂದು ಮಗುವಿಗೆ ಒಂದೊಂದು. ಮಗು ತನ್ನ ಬುಟ್ಟಿಯಲ್ಲಿ ಏನಿಟ್ಟಿದೆಯೋ ಅದನ್ನು ಆ ಮಗುವಲ್ಲದೆ ಯಾರೂ ಮುಟ್ಟುವಂತಿಲ್ಲ ಎಂದು ದೀದಿ ಮೊದಲ ದಿನವೇ ಹೇಳಿದ್ದಳು. ಅದು ಮಕ್ಕಳಿಗೆ ಮಾಡಿದ ನಿಯಮ ಎಂದು ನಾನು ತಿಳಿದುಕೊಂಡೆ.

ಪುಟ್ಟಿ ಒಳಗೆ, ನಾನು ಚಿನ್ನುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹೊರಗಿನ ಬೆಂಚಿನಲ್ಲಿ. ಹೀಗೆ ಐದು ಶನಿವಾರ ಹೋಯಿತು. ಆರನೆಯ ಶನಿವಾರ ದೀದಿ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು.

“ಇವತ್ತ ಆಕಿ ಮಾತಾಡಿದ್ಲು, ಅಮ್ಮಾರ.”

“ಎಂತ ಹೇಳಿದ್ಲು?”

“ಅದು ಆಕೀದು. ಮಾತಾಡಿದ್ಲು ಅಂತ ಅಷ್ಟ ಹೇಳ್ತೀನಿ ನಿಮಗ.”

ನನಗೆ ಸಿಟ್ಟು ಬಂತು. ನನ್ನ ಮೊಮ್ಮಗಳ ಮಾತನ್ನು ಇವಳು ಬಚ್ಚಿಟ್ಟುಕೊಳ್ಳುವುದೇ ಎನ್ನಿಸಿತು. ಆದರೆ ಖುಷಿ ಅದಕ್ಕಿಂತ ದೊಡ್ಡದಾಗಿತ್ತು. ಲೋಕಲ್ ಟ್ರೇನಿನಲ್ಲಿ ಕ್ಲಿಪ್ಪು ಮಾರುವವಳಿಂದ ಹಳದಿ ಚಿಟ್ಟೆಯ ಎರಡು ಕ್ಲಿಪ್ ತೆಗೆದುಕೊಂಡು ಪುಟ್ಟಿಯ ತಲೆಗೆ ಸಿಕ್ಕಿಸಿದೆ. ಅವಳು ಮನೆ ತಲುಪುವವರೆಗೆ ನನ್ನ ಕೈ ಬಿಡಲಿಲ್ಲ.

ಆ ವಾರ ಒಂದು ಫೋನ್ ಬಂತು. ನಿಮ್ಮ ಅಪ್ಪನ ಅಮ್ಮ.

“ಹೆಣ್ಣುಮಕ್ಕಳು ಹೀಗೆ ತಿಂಗಳುಗಟ್ಲೆ ಬಂದು ಕೂತ್ರೆ ಜನ ಎಂತ ಹೇಳ್ತಾರೆ? ಅವ ಈಗ ತುಂಬ ಸುಧಾರಿಸಿದ್ದಾನೆ. ಮಕ್ಕಳಿಗೆ ಅಪ್ಪ ಬೇಡ್ವಾ? ಅಪ್ಪ ಇಲ್ಲದ ಮನೆ ಅದೂ ಒಂದು ಮನೆಯಾ? ಚೌತಿಯೊಳಗೆ ಕಳಿಸಿಬಿಡಿ. ಹಬ್ಬಕ್ಕೆ ಎಲ್ಲ ಒಟ್ಟಿಗೆ ಇರ್ಲಿ.”

“ಹೂಂ,” ಅಂದೆ. “ನೋಡುವ.”

ಎದುರು ಮಾತಾಡಲು ಬಾರದ ನಾನು ಜೀವಮಾನವಿಡೀ ಆಡಿದ್ದು ಈ ಎರಡು ಮಾತು. ಕೇಳುವವರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆಂದು ನನಗೆ ಗೊತ್ತಿತ್ತು. ನಿಮ್ಮ ಅಮ್ಮ ಕೆಲಸಕ್ಕೆ ಹೋಗಿದ್ದಳು. ಅವಳಿಗೆ ಹೇಳಲಿಲ್ಲ. ಆದರೆ ಒಂದು ರೂಮಿನ ಮನೆ. ಪುಟ್ಟಿ ಮಂಚದ ಮೇಲೆ ಕುಳಿತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಅವಳು ಮಾತಾಡದೆ ಇದ್ದುದರಿಂದ ಅವಳಿಗೆ ಕೇಳಿಸುತ್ತದೆ ಎನ್ನುವುದನ್ನೇ ನಾನು ಮರೆತಿದ್ದೆ.

ಏಳನೆಯ ಶನಿವಾರ. ಆಟ ಮುಗಿದು ಪುಟ್ಟಿ ಮರಳು ಮೆತ್ತಿದ ಕೈ ತೊಳೆಯಲು ಬಾತ್‌ರೂಮಿಗೆ ಹೋದಳು. ಅದೇ ಹೊತ್ತಿಗೆ ಹೊರಬಾಗಿಲಲ್ಲಿ ಯಾರೋ ಒಬ್ಬ ತಾಯಿ ಅಳುತ್ತಾ ಬಂದು ನಿಂತಿದ್ದಳು. ದೀದಿ ಅವಳನ್ನು ಕರೆದುಕೊಂಡು ಆಫೀಸಿಗೆ ಹೋದಳು. ಚಿನ್ನುವಿನ ನೀರಿನ ಬಾಟಲಿ ಕೋಣೆಯೊಳಗೆ ಉಳಿದಿತ್ತು. ತರಲು ಹೋದೆ.

ನೆಲದ ತುಂಬ ಮರಳು. ಸಣ್ಣ ಪಾತ್ರೆಗಳು ಬೋರಲು ಬಿದ್ದಿವೆ. ಗೊಂಬೆಗಳು ಒಂದರ ಮೇಲೆ ಒಂದು. ನನ್ನ ಕೈಗೆ ಸುಮ್ಮನಿರಲು ಆಗಲಿಲ್ಲ. ಮೂಲೆಯಲ್ಲಿದ್ದ ಪೊರಕೆ ತೆಗೆದು ಗುಡಿಸಿದೆ. ಪಾತ್ರೆ ಜೋಡಿಸಿದೆ. ಗೊಂಬೆ ಮನೆಯ ಮೇಜು ನೆಟ್ಟಗೆ ಮಾಡಿ ಸುತ್ತ ಗೊಂಬೆಗಳನ್ನು ಕೂರಿಸಿದೆ. ನೋಡಿದರೆ ನಾಲ್ಕೇ. ಮೀಸೆಯವನು ಇಲ್ಲ. ಹುಡುಕಿದೆ. ಪುಟ್ಟಿಯ ಬುಟ್ಟಿಯಲ್ಲಿ ನಾಲ್ಕು ಮರದ ಇಟ್ಟಿಗೆ, ಅದರ ಕೆಳಗೆ ಬಿಸ್ಕತ್ತಿನ ಒಂದು ಸಣ್ಣ ತಗಡಿನ ಡಬ್ಬ, ಡಬ್ಬಕ್ಕೆ ಕೆಂಪು ರಿಬ್ಬನ್ನಿನ ಎರಡು ಗಂಟು. ಬಿಚ್ಚಿದೆ. ಒಳಗೆ ಅಪ್ಪ ಗೊಂಬೆ ಮುಖ ಕೆಳಗಾಗಿ ಮಲಗಿತ್ತು.

ಅಯ್ಯೋ ಪಾಪ, ಎನ್ನಿಸಿತು. ಅದೇ ನನಗೆ ಎನ್ನಿಸಿದ್ದು. ಫೋನಿನ ಮಾತು ತಲೆಯೊಳಗೆ ಇನ್ನೂ ಸುತ್ತುತ್ತಿತ್ತು. ಗೊಂಬೆಯ ಧೂಳು ಕೊಡವಿ, ಅಂಗಿ ಸರಿಮಾಡಿ, ಮೇಜಿನ ತಲೆಯ ಕಡೆ ಕೂರಿಸಿದೆ. ಅದರ ಮುಂದೆ ಒಂದು ತಟ್ಟೆಯನ್ನೂ ಇಟ್ಟೆ. ಈಗ ನೋಡಲು ಎಷ್ಟು ಚಂದ ಎಂದುಕೊಂಡೆ.

ತಿರುಗಿದರೆ ಬಾಗಿಲಲ್ಲಿ ಪುಟ್ಟಿ. ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಗೊಂಬೆ ಮನೆ ನೋಡಿದಳು, ಖಾಲಿ ಡಬ್ಬ ನೋಡಿದಳು, ನನ್ನನ್ನು ನೋಡಿದಳು. ಅಳಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಗೆ ನಡೆದಳು. ದೀದಿ ಆಫೀಸಿನಿಂದ ಬರುವ ಮೊದಲೇ ನಾವು ರಸ್ತೆಯಲ್ಲಿದ್ದೆವು.

ಟ್ರೇನಿನಲ್ಲಿ ಕೈ ಹಿಡಿಯಲು ಹೋದರೆ ಕಿತ್ತುಕೊಂಡಳು. ಮರುದಿನ ಬೆಳಿಗ್ಗೆ ಹಾಸಿಗೆ ಒದ್ದೆ. ಅಮ್ಮನ ಕಿವಿಯಲ್ಲಿ ಪಿಸುಗುಟ್ಟುವುದೂ ನಿಂತಿತು. ನಿಮ್ಮ ಅಮ್ಮ ಊಟದ ಡಬ್ಬಿ ಕಟ್ಟಿಕೊಳ್ಳುತ್ತಾ, “ಹೋದ ವಾರ ಚೆನ್ನಾಗಿದ್ಲಲ್ಲ ಅಮ್ಮ, ಎಂತ ಆಯ್ತು?” ಎಂದು ಕೇಳಿದರೆ, “ಗೊತ್ತಿಲ್ಲ,” ಅಂದೆ.

ಮುಂದಿನ ಶನಿವಾರ ಪುಟ್ಟಿ ಕೋಣೆಯೊಳಗೆ ಕಾಲಿಡಲಿಲ್ಲ. ಬೆಂಚಿನ ಮೇಲೆ ನನ್ನಿಂದ ದೂರ, ಆ ತುದಿಯಲ್ಲಿ ಕುಳಿತಳು. ದೀದಿ ಒತ್ತಾಯ ಮಾಡಲಿಲ್ಲ. ತಾನೂ ನೆಲದ ಮೇಲೆ ಕುಳಿತಳು, ಒಂದು ಗಂಟೆ. ಅದರ ಮುಂದಿನ ಶನಿವಾರವೂ ಹಾಗೆಯೇ. ಆ ದಿನ ಆಫೀಸಿನೊಳಗಿನ ಮಾತು ನನಗೆ ಕೇಳಿಸಿತು. ಕಸ ಗುಡಿಸುವ ಮೌಶಿಯನ್ನು ದೀದಿ ಹಿಂದಿಯಲ್ಲಿ ವಿಚಾರಿಸುತ್ತಿದ್ದಳು, ಬುಟ್ಟಿಯಿಂದ ಡಬ್ಬ ತೆಗೆದದ್ದು ಯಾರು ಎಂದು. “ನಾನು ಮುಟ್ಟಿಲ್ಲ, ಆಣೆ,” ಎಂದು ಮೌಶಿ ಹೇಳುತ್ತಿದ್ದಳು. ಹೊರಗೆ ಬಂದವಳು ನನ್ನ ಎದುರೇ ಬಕೆಟ್ ಎತ್ತಿಕೊಂಡು ಹೋದಳು. ನಾನು ಚಿನ್ನುವಿನ ಕಾಲ್ಚೀಲ ಸರಿಮಾಡುವವಳಂತೆ ತಲೆ ತಗ್ಗಿಸಿದೆ.

ನನ್ನ ಬದುಕಿನಲ್ಲಿ ನನಗೆ ನನ್ನ ಮೇಲೆ ಅಷ್ಟು ಅಸಹ್ಯವಾದ ದಿನ ಮತ್ತೊಂದಿಲ್ಲ. ರವಿಕೆ ಹೊಲಿಸಿದ ದಿನವೂ ಅಲ್ಲ. ಆ ದಿನ ನಾನು ಒಳ್ಳೆಯದು ಮಾಡುತ್ತಿದ್ದೇನೆ ಎಂದಾದರೂ ತಿಳಿದಿದ್ದೆ.

ಡಬ್ಬ ಬಿಚ್ಚಿದ ಮೇಲಿನ ಮೂರನೆಯ ಶನಿವಾರ ಚಿನ್ನುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಪುಟ್ಟಿಯನ್ನು ಮಾತ್ರ ಕರೆದುಕೊಂಡು ಹೊರಟೆ. ತಲುಪಿದ ಕೂಡಲೇ ದೀದಿಯ ಆಫೀಸಿನ ಬಾಗಿಲು ತಟ್ಟಿದೆ. ಒಳಗೆ ಹೋಗಿ ನಿಂತೆ. ಕುಳಿತುಕೊಳ್ಳಿ ಅಂದರೂ ಕುಳಿತುಕೊಳ್ಳಲಿಲ್ಲ.

“ಮೌಶಿ ಅಲ್ಲ,” ಅಂದೆ. “ನಾನು.”

ಎಲ್ಲವನ್ನೂ ಹೇಳಿದೆ. ಗುಡಿಸಿದ್ದು, ಗಂಟು ಬಿಚ್ಚಿದ್ದು, ತಟ್ಟೆ ಇಟ್ಟದ್ದು, ಫೋನ್ ಬಂದದ್ದು, ಹೂಂ ನೋಡುವ ಅಂದದ್ದು. ನಡುವೆ ಎಷ್ಟೋ ಸಲ ನಿಂತೆ. ಅವಳು ಒಂದು ಸಲವೂ ನನ್ನ ಮಾತನ್ನು ತಾನು ಪೂರ್ತಿ ಮಾಡಲಿಲ್ಲ, ಕಾದಳು. ಪುಟ್ಟಿಯ ಪಕ್ಕದಲ್ಲಿಯೂ ಹೀಗೆಯೇ ಕಾಯುತ್ತಾಳೆ ಎಂದು ಆಗ ತಿಳಿಯಿತು.

“ಆ ಡಬ್ಬಿ ಒಳಗ ಹಾಕಿದ ಮ್ಯಾಲೇ ಆಕಿ ಮಾತಾಡಿದ್ದು, ಅಮ್ಮಾರ,” ಅಂದಳು. “ಮುಚ್ಚಳ ಮುಚ್ಚಿ, ಗಂಟು ಹಾಕಿ, ಆಮ್ಯಾಲೆ ಬಾಯಿ ತೆರದ್ಲು. ಇಷ್ಟು ನಾ ಹೇಳಬಾರದಿತ್ತು. ನಿಮಗ ಗೊತ್ತಿರಲಿ ಅಂತ ಹೇಳಾಕತ್ತೀನಿ.”

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇನ್ನೇನು ಮಾಡಲಿ ಎಂದು ಕೇಳಿದೆ.

“ಆಕಿಗೇ ಹೇಳ್ರಿ. ನೀವು ಏನು ಮಾಡಿದ್ರಿ, ಅಷ್ಟ ಹೇಳ್ರಿ. ಕ್ಷಮಾ ಮಾಡು ಅಂತ ಕೇಳಬ್ಯಾಡ್ರಿ. ಆ ಕೆಲಸಾನೂ ಆಕಿ ತಲಿ ಮ್ಯಾಲ ಹಾಕಬ್ಯಾಡ್ರಿ.”

ಮೌಶಿಗೂ ಹೇಳಬೇಕು ಅಂದೆ. ಅದನ್ನು ಮೊದಲು ಮಾಡಿದೆ, ಬಾತ್‌ರೂಮಿನ ಬಾಗಿಲಲ್ಲಿ ನಿಂತು, ನನ್ನ ಹರಕು ಹಿಂದಿಯಲ್ಲಿ. ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ಕೇಳಿ, “ಅಜ್ಜಿ, ನಮ್ಮ ಮನೆಯೂ ಸ್ವಲ್ಪ ಗುಡಿಸಿ ಹೋಗಿ ಹಾಗಾದರೆ,” ಎಂದು ಬೈಯುವಂತೆ ಹೇಳಿದಳು. ಆಮೇಲೆ ನಕ್ಕಳು.

ಪುಟ್ಟಿ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕುಳಿತಿದ್ದಳು. ದೀದಿ ಅವಳ ಎದುರು ಕುಕ್ಕರಗಾಲಿನಲ್ಲಿ ಕುಳಿತು, “ಅಮ್ಮಮ್ಮ ನಿನಗ ಏನೋ ಹೇಳ್ತಾರಂತ. ಒಳಗ ಕೇಳ್ತೀಯೋ, ಇಲ್ಲೇ ಕೇಳ್ತೀಯೋ?” ಎಂದಳು. ಪುಟ್ಟಿ ಬೆರಳಿನಿಂದ ನೆಲ ತೋರಿಸಿದಳು. ಇಲ್ಲೇ. ಬೆಂಚಿನ ಆ ಕಡೆ ಇನ್ನಿಬ್ಬರು ತಾಯಂದಿರು ಕುಳಿತಿದ್ದರು. ಕನ್ನಡ ಅವರಿಗೆ ತಿಳಿಯದಿದ್ದರೂ ನನ್ನ ಮುಖ ಕಾಣುತ್ತಿತ್ತು.

“ಡಬ್ಬ ಬಿಚ್ಚಿದ್ದು ನಾನು,” ಅಂದೆ. “ಅದು ನಿನ್ನ ಡಬ್ಬ. ನಿನ್ನನ್ನು ಕೇಳದೆ ತೆಗೆದೆ. ಗೊಂಬೆಯನ್ನು ಮನೆಯಲ್ಲಿ ಕೂರಿಸಿದ್ದೂ ನಾನೇ. ಅದು ತಪ್ಪು.”

ಅವಳು ನನ್ನ ಕಾಲನ್ನು ನೋಡುತ್ತಿದ್ದಳು. ಮತ್ತೆ, ಎಷ್ಟೋ ತಿಂಗಳ ನಂತರ ನನ್ನೊಡನೆ, ಕೆಮ್ಮಿದಂತೆ ಬಂದ ದನಿಯಲ್ಲಿ ಕೇಳಿದಳು.

“ಚೌತಿಗೆ ನಾವು ಅಲ್ಲಿಗೆ ಹೋಗ್ಬೇಕಾ?”

ಮೂರು ವಾರ ಈ ಮಗು ಹೊತ್ತುಕೊಂಡಿದ್ದು ಇದನ್ನು. ನಾನು ಗೊಂಬೆಯನ್ನು ಕೂರಿಸಿದ್ದು ನೋಡಿ, ಅಮ್ಮಮ್ಮ ನಮ್ಮನ್ನು ವಾಪಸ್ ಕಳಿಸುತ್ತಾಳೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಅವಳು ತಿಳಿದದ್ದರಲ್ಲಿ ತಪ್ಪಿರಲಿಲ್ಲ. ನಾನು ಕಳಿಸುವವಳೇ ಇದ್ದೆ.

“ಇಲ್ಲ,” ಅಂದೆ.

“ಆ ಅಜ್ಜಿ ಫೋನ್ ಮಾಡಿದ್ರೆ?”

“ನಾನೇ ಹೇಳ್ತೇನೆ, ಇಲ್ಲ ಅಂತ.”

“ನೀನು ಹೂಂ ನೋಡುವ ಅಂತಿ.”

“ಅನ್ನುದಿಲ್ಲ.”

“ಅಂತಿ.”

ಪುಟ್ಟಿ ಎದ್ದು, ನನ್ನ ಸೆರಗಿನ ತುದಿ ಹಿಡಿದು, ಕೋಣೆಯ ಕಡೆ ನಡೆದಳು. ನಾನು ದೀದಿಯನ್ನು ನೋಡಿದೆ. ಹೋಗಿ ಎಂದು ಅವಳು ಕಣ್ಣಲ್ಲೇ ಹೇಳಿದಳು.

ಬುಟ್ಟಿಯಿಂದ ಡಬ್ಬ ತಂದು ಪುಟ್ಟಿ ನನ್ನ ಮುಂದೆ ಇಟ್ಟಳು. ಅಪ್ಪ ಗೊಂಬೆಯನ್ನು ನನ್ನ ಕೈಗೆ ಕೊಟ್ಟಳು. ಒಳಗಿಡಲು ಹೋದೆ. ತಲೆ ಅಲ್ಲಾಡಿಸಿದಳು. ನನ್ನ ಮಣಿಕಟ್ಟು ಹಿಡಿದು ಗೊಂಬೆಯನ್ನು ಅಂಗಾತ ತಿರುಗಿಸಿದಳು. ಈ ಸಲ ಮುಖ ಮೇಲೆ. ನಾನು ಮುಚ್ಚಳ ಹಾಕಿದೆ, ರಿಬ್ಬನ್ ಕಟ್ಟಿದೆ. ಅವಳು ಗಂಟು ಎಳೆದು ನೋಡಿದಳು. ಸಡಿಲ ಅನ್ನಿಸಿತೋ ಏನೋ, ಮತ್ತೊಮ್ಮೆ ಕಟ್ಟಿಸಿದಳು. ನಾಲ್ಕು ಇಟ್ಟಿಗೆಗಳನ್ನೂ ನನ್ನ ಕೈಯಿಂದಲೇ ಇಡಿಸಿದಳು. ಆಮೇಲೆ ಬಾಗಿಲು ತೋರಿಸಿದಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಪುಟ್ಟಿ ಒಳಗೇ ಉಳಿದಳು.

ವಾಪಸ್ ಬರುವಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜೋಗೇಶ್ವರಿ ದಾಟಿದ ಮೇಲೆ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

“ಅಮ್ಮಮ್ಮ, ಡಬ್ಬದೊಳಗೆ ಉಸಿರಾಡ್ಲಿಕ್ಕೆ ಆಗ್ತದಾ?”

ಅದು ಗೊಂಬೆ, ಅದಕ್ಕೆ ಉಸಿರಿಲ್ಲ ಎಂದರೆ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಅವಳು ಗೊಂಬೆಯ ವಿಷಯ ಕೇಳುತ್ತಿರಲಿಲ್ಲ. ಪುಟ್ಟಿ, ನಿನಗೆ ಸೈಕಲ್ ಕಲಿಸಿದ್ದು ನಿನ್ನ ಅಪ್ಪ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಣಪತಿ ನೋಡಲು ಹೋಗುತ್ತಿದ್ದರು. ಅದೂ ನಿಜ, ಇದೂ ನಿಜ. ನಾನು ಏಳನೆಯ ಕ್ಲಾಸಿನವಳು, ಇವೆರಡನ್ನೂ ಒಂದೇ ತಟ್ಟೆಯಲ್ಲಿ ಹೇಗೆ ಬಡಿಸುವುದೆಂದು ನನಗೆ ಈಗಲೂ ತಿಳಿಯದು.

“ಗೊತ್ತಿಲ್ಲ ಮಗ,” ಅಂದೆ. “ದೀದಿಯನ್ನು ಕೇಳುವ.”

ಬುಧವಾರ ಫೋನ್ ಬಂತು. ಪುಟ್ಟಿ ನೆಲದ ಮೇಲೆ ಕುಳಿತು ಶಾಲೆಯ ಪಾಠ ಬರೆಯುತ್ತಿದ್ದಳು. ಪೆನ್ಸಿಲ್ ನಿಂತಿತು.

“ಯಾವಾಗ ಕಳಿಸ್ತೀರಿ? ಚೌತಿಗೆ ಹತ್ತೇ ದಿನ ಉಂಟು.”

ನನ್ನ ಬಾಯಿಗೆ ಮೊದಲು ಬಂದದ್ದು ಹೂಂ ಎನ್ನುವುದೇ. ಅದನ್ನು ನುಂಗಿದೆ.

“ನನ್ನ ಮಗಳು ಬರುವುದಿಲ್ಲ,” ಅಂದೆ. “ಮಕ್ಕಳೂ ಬರುವುದಿಲ್ಲ. ಅವಳಿಗೆ ಹೊಡೆದದ್ದು ಸಾಕು.”

ಆ ಕಡೆಯಿಂದ ತುಂಬ ಮಾತು ಬಂತು. ಹುಡುಗಿಗೆ ಬುದ್ಧಿ ಹೇಳದ ತಾಯಿ, ಗಂಡ ಸತ್ತ ಮೇಲೆ ನಾಲಿಗೆ ಬಂತು, ಹೀಗೆಲ್ಲ. ನಾನು ಕೇಳಿದೆ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ “ನಿಮ್ಮ ಮೊಣಗಂಟು ನೋವು ಹೇಗುಂಟು?” ಎಂದು ಕೇಳಿಬಿಟ್ಟೆ. ಫೋನ್ ಕಟ್ ಆಯಿತು. ಮೊಬೈಲ್ ಮಂಚದ ಮೇಲಿಟ್ಟೆ. ಪುಟ್ಟಿ ಕಂಪಾಸ್ ಡಬ್ಬಿಯಿಂದ ಶಾರ್ಪ್‌ನರ್ ತೆಗೆದು ಪೆನ್ಸಿಲ್ ಚೂಪು ಮಾಡಿದಳು, ಬರೆಯಲು ತೊಡಗಿದಳು.

ಸಂಜೆ ನಿಮ್ಮ ಅಮ್ಮನಿಗೆ ಎರಡೂ ಫೋನಿನ ವಿಷಯ ಹೇಳಿದೆ. ಮೊದಲನೆಯದನ್ನು ಕೇಳಿ ಅವಳ ಮುಖ ಕಪ್ಪಿಟ್ಟಿತು. ಎರಡನೆಯದರಲ್ಲಿ ಮೊಣಗಂಟಿನ ಭಾಗ ಬಂದಾಗ ಅವಳು ನಕ್ಕಳು, ನಗುತ್ತಾ ಅತ್ತಳು.

ಶನಿವಾರ ದೀದಿ ಪುಟ್ಟಿಯ ಪ್ರಶ್ನೆ ಕೇಳಿ, “ನೀ ಹೇಳು, ಏನು ಮಾಡೋಣ?” ಎಂದಳು. ಪುಟ್ಟಿ ಒಂದು ಬೆರಳಿನಿಂದ ಮುಚ್ಚಳ ಕುಟ್ಟಿ ತೋರಿಸಿದಳು. ಆಫೀಸಿನಲ್ಲಿ ಮೊಳೆ ಸಿಕ್ಕಿತು. ಸುತ್ತಿಗೆ ಇರಲಿಲ್ಲ. ಹೊರಗಿನ ಗಿಡದ ಕುಂಡದ ಪಕ್ಕದಿಂದ ನಾನು ಒಂದು ಕಲ್ಲು ತಂದೆ. ಮುಚ್ಚಳವನ್ನು ಒಂದು ಮರದ ಇಟ್ಟಿಗೆಯ ಮೇಲಿಟ್ಟು ಪುಟ್ಟಿ ಮೊಳೆ ಹಿಡಿದಳು, ನಾನು ಕುಟ್ಟಿದೆ. ಅವಳ ಬೆರಳಿಗೆ ತಾಗದಂತೆ, ಮೆಲ್ಲಗೆ. ಒಂದು ತೂತು. ಎರಡು. ಅವಳು ಮುಚ್ಚಳವನ್ನು ಕಣ್ಣಿಗೆ ಹಿಡಿದು ಕಿಟಕಿಯ ಕಡೆ ನೋಡಿದಳು.

“ಇನ್ನೊಂದು,” ಅಂದಳು.

ಮೂರನೆಯದನ್ನೂ ಹೊಡೆದೆ. ಮುಚ್ಚಳ ಹಾಕಿದೆವು, ಗಂಟು ಕಟ್ಟಿದೆವು. ಇಟ್ಟಿಗೆಗಳನ್ನು ಮಾತ್ರ ತೂತುಗಳ ಮೇಲೆ ಇಡಬಾರದು, ಪಕ್ಕದಲ್ಲಿ ಇಡಬೇಕು ಎಂದು ಅವಳು ನನಗೆ ವಿವರಿಸಿದಳು. ಗಟ್ಟಿ ದನಿಯಲ್ಲಿ, ತಿಳಿಯದವರಿಗೆ ಹೇಳುವಂತೆ.

ಆ ಕೋಣೆಗೆ ಒಂದೂವರೆ ವರ್ಷ ಹೋದೆವು. ಕೊನೆಕೊನೆಗೆ ಚಿನ್ನುವೂ ಒಳಗೆ ಹೋಗಿ ಮರಳು ತಲೆಗೆ ಸುರಿದುಕೊಂಡು ಬರುತ್ತಿದ್ದ. ಈಗ ನೀವು ಎರಡು ತಿಂಗಳಿಗೊಮ್ಮೆ ಕೋರ್ಟಿನವರು ಹೇಳಿದ ಕೋಣೆಯಲ್ಲಿ ಅಪ್ಪನನ್ನು ಕಾಣುತ್ತೀರಿ, ನಿಮ್ಮ ಅಮ್ಮ ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತಾಳೆ. ಕೊನೆಯ ದಿನ ಆ ಡಬ್ಬವನ್ನು ಪುಟ್ಟಿ ಏನು ಮಾಡಿದಳೆಂದು ನನಗೆ ಗೊತ್ತಿಲ್ಲ. ಕೇಳಲಿಲ್ಲ. ಅದು ಅವಳದು.

ಭಾನುವಾರ ನಾನು ಅದನ್ನು ಪಾರ್ಕು ಅಂದೆನಲ್ಲ, ಅದೂ ನನ್ನ ಹಳೆಯ ಒದ್ದೆ ಬಟ್ಟೆ, ಒಣ ಬಟ್ಟೆಯ ಕೆಲಸವೇ. ಅದಕ್ಕಾಗಿ ಇಷ್ಟು ಬರೆದೆ. ಈ ಹಾಳೆಗಳನ್ನು ಪುಟ್ಟಿಯ ಕೈಗೆ ಕೊಡುತ್ತೇನೆ. ಓದಿ ಆದ ಮೇಲೆ ಇಬ್ಬರೂ ಸೇರಿ ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಿ. ಎಲ್ಲಿಟ್ಟಿರಿ ಎಂದು ನನಗೆ ಹೇಳಬೇಡಿ. ದಸರೆಗೆ ಕಪಾಟು ಖಾಲಿ ಮಾಡಿ ಒರೆಸುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.